ಫಿಶ್ ಫೈಂಡರ್ ಕೆಟ್ಟಿದೆಯೋ, ಮೋಡ್ ತಪ್ಪಿದೆಯೋ? ಪರದೆ ನೋಡಿ ದೋಷ ಹಿಡಿಯುವ ಕ್ರಮ

ಆಗಸ್ಟ್ ಮೊದಲ ವಾರ ನನ್ನ ಫೋನಿಗೆ ಬಿಡುವಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆ ಮುಗಿಸಿ ಮಲ್ಪೆಯ ಬೋಟುಗಳು ಕಡಲಿಗಿಳಿಯುತ್ತವೆ. ಎರಡು ತಿಂಗಳು ಮುಸುಕು ಹಾಕಿಕೊಂಡು ಕೂತಿದ್ದ ಫಿಶ್ ಫೈಂಡರುಗಳು, ಅಂದರೆ ಸದ್ದು ಬಿಟ್ಟು ಕಡಲಿನ ಆಳ, ಮೀನು ತೋರಿಸುವ ಯಂತ್ರಗಳು, ಒಂದೇ ಸಲ ಎದ್ದು ಕಣ್ಣು ಬಿಡುತ್ತವೆ. ಬೋಟು ಕಟ್ಟುವ ದಕ್ಕೆಯಿಂದ ಬರುವ ಕರೆಗಳೆಲ್ಲ ಒಂದೇ ಥರ: "ಫೈಂಡರ್ ಹಾಳಾಗಿದೆ ಮಾರಾಯ್ರೆ, ಬೇಗ ಬನ್ನಿ." ಹೋಗಿ ನೋಡಿದರೆ ಹೆಚ್ಚಿನ ಸಲ ಯಂತ್ರ ಸರಿಯಾಗಿಯೇ ಇರುತ್ತದೆ. ಅದನ್ನು ಯಾವುದೋ ಮೋಡ್‌ನಲ್ಲಿಟ್ಟು ಇನ್ಯಾವುದೋ ಪ್ರಶ್ನೆ ಕೇಳುತ್ತಿರುತ್ತೇವೆ, ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ತಳಕ್ಕೆ ಬಲೆ ಎಳೆಯುವ ಟ್ರಾಲ್ ಬೋಟೊಂದನ್ನು ನಡೆಸುವ ತಾಂಡೇಲರೊಬ್ಬರು ಕಡಲಿನಿಂದಲೇ ಕರೆ ಮಾಡಿದರು. ದಡ ಹತ್ತಿರವಿದ್ದುದರಿಂದ ಮೊಬೈಲ್ ಸಿಗುತ್ತಿತ್ತು. "ಹದಿನೆಂಟು ಮಾರು ನೀರಿರುವ ಜಾಗ. ಇಪ್ಪತ್ತು ವರ್ಷದಿಂದ ಬಲೆ ಎಳೆದ ಜಾಗ. ಇದು ಹದಿನಾಲ್ಕು ಮಾರು ಅಂತಿದೆ. ಮೊನ್ನೆ ಮೊನ್ನೆ ರಿಪೇರಿ ಮಾಡಿ ಕೊಟ್ಟಿರಲ್ಲ, ಎಂಥ ಮಾಡಿದ್ದೀರಿ?" ಬೈಗುಳವೂ ಜೊತೆಗೆ ಬಂತು, ಅದನ್ನಿಲ್ಲಿ ಬರೆಯುವಂತಿಲ್ಲ. ಪರದೆಯ ಫೋಟೊ ಕಳಿಸಿ ಎಂದೆ. ದಪ್ಪ ಕೆಂಪು ಪಟ್ಟಿ, ಅದರ ಮೇಲಂಚಿಗೆ 14. "ಗೇನ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ, ಪಟ್ಟಿ ಹರಿಯುವ ತನಕ" ಎಂದೆ. ಗೇನ್ ಅಂದರೆ ಮರಳಿದ ಸದ್ದನ್ನು ಯಂತ್ರ ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಸೆಟ್ಟಿಂಗ್. ಕೆಂಪು ಹಳದಿಯಾಯಿತು, ಹಳದಿ ಚೂರುಚೂರಾಯಿತು. ಅದರಡಿಯಲ್ಲಿ ಹದಿನೆಂಟು ಮಾರಿನಲ್ಲಿ ಇನ್ನೊಂದು ಗೆರೆ ಎದ್ದು ಬಂತು. ಮೇಲಿದ್ದದ್ದು ಬೂತಾಯಿ ಹಿಂಡು. ಯಂತ್ರ ಅದನ್ನೇ ನೆಲ ಎಂದು ತಿಳಿದಿತ್ತು. ನಮ್ಮ ಮಾತು ಮುಗಿಯುವಷ್ಟರಲ್ಲಿ ಹಿಂಡಿನ ಸುತ್ತ ಬಲೆ ಹಾಕಿ ಹಿಡಿಯುವ ಪಕ್ಕದ ಪರ್ಸೀನ್ ಬೋಟು ಸುತ್ತು ಹಾಕಿ ಆಗಿತ್ತು. ಆ ತಾಂಡೇಲರು ಈಗಲೂ ನನ್ನನ್ನು ಕಂಡರೆ ಆ ಹಿಂಡಿನ ಲೆಕ್ಕ ಕೇಳುತ್ತಾರೆ.

ಪರದೆ ಏನು ಬರೆಯುತ್ತದೆ

ಪರದೆಯನ್ನು ಟಿವಿ ನೋಡಿದ ಹಾಗೆ ನೋಡುವುದರಿಂದಲೇ ಅರ್ಧ ಗೊಂದಲ. ಬೋಟಿನ ತಳದ ಟ್ರಾನ್ಸ್‌ಡ್ಯೂಸರ್ ಒಂದು ಸದ್ದು ಬಿಡುತ್ತದೆ. ಸದ್ದು ಕೆಳಗಿಳಿದು, ಬಡಿದು, ಮರಳುತ್ತದೆ. ಹೋಗಿಬರಲು ಹಿಡಿದ ಸಮಯ ಎಷ್ಟು, ಮರಳಿದ ಸದ್ದು ಎಷ್ಟು ಜೋರು, ಈ ಎರಡೇ ಯಂತ್ರಕ್ಕೆ ಗೊತ್ತು. ಕಡಲ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 30 ಮೀಟರ್ ಆಳಕ್ಕೆ ಹೋಗಿಬರಲು ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ ಸಾಕು. ಸಮಯವನ್ನು ಆಳ ಮಾಡಿ, ಜೋರನ್ನು ಬಣ್ಣ ಮಾಡಿ, ಪರದೆಯ ಬಲ ಅಂಚಿಗೆ ಒಂದು ಲಂಬ ಗೆರೆ ಎಳೆಯುತ್ತದೆ. ಮುಂದಿನ ಸದ್ದಿಗೆ ಇನ್ನೊಂದು ಗೆರೆ. ಹಳೆಯವು ಎಡಕ್ಕೆ ಸರಿಯುತ್ತವೆ. ಸಾಮಾನ್ಯ ಬಣ್ಣದ ಜೋಡಣೆಯಲ್ಲಿ ಕೆಂಪು ಅತಿ ಜೋರು, ಆಮೇಲೆ ಹಳದಿ, ಹಸಿರು, ಕೊನೆಗೆ ನೀಲಿ.

ಅಂದರೆ ಬಲ ಅಂಚೊಂದೇ ಈ ಕ್ಷಣದ್ದು, ಉಳಿದ ಚಿತ್ರವೆಲ್ಲ ಕಳೆದ ನಿಮಿಷಗಳದ್ದು. ಜಪಾನಿನ ಫುರುನೊ 1948ರಲ್ಲಿ ಬಳಕೆಗೆ ಬರುವಂಥ ಮೊದಲ ಫಿಶ್ ಫೈಂಡರ್ ತಂದಿತು. ಹಳೆಯ ಯಂತ್ರಗಳಲ್ಲಿ ಕಾಗದದ ಸುರುಳಿ ಓಡುತ್ತಿತ್ತು, ಆಗ ಈ ವಿಷಯ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬಣ್ಣದ ಪರದೆ ಬಂದ ಮೇಲೆ ಮರೆತುಹೋಯಿತು.

ಇದು ತಲೆಯಲ್ಲಿದ್ದರೆ ಎಷ್ಟೋ "ದೋಷ" ತಾನಾಗಿ ಕರಗುತ್ತದೆ. ಲಂಗರು ಹಾಕಿ ನಿಂತಾಗ ಪರದೆಯ ಉದ್ದಕ್ಕೂ ಒಂದು ಗೆರೆ ಬಂದರೆ ಅದು ಹಾವುಮೀನಲ್ಲ. ಒಂದೇ ಮೀನು ಅಡಿಯಲ್ಲಿ ನಿಂತಿದೆ, ಯಂತ್ರ ಅದನ್ನೇ ಮತ್ತೆ ಮತ್ತೆ ಬರೆಯುತ್ತಿದೆ. ಬೋಟು ಓಡುವಾಗ ಮೀನು ಬಿಲ್ಲಿನ ಆಕಾರದಲ್ಲಿ ಕಾಣುವುದೂ ಇದರಿಂದಲೇ. ಸದ್ದು ಕೆಳಗಿಳಿದಂತೆ ಅಗಲವಾಗುತ್ತಾ ಹೋಗುತ್ತದೆ, ಅದನ್ನು ಸದ್ದಿನ ಕೊಳವೆ ಎನ್ನೋಣ. ಅದರ ಅಂಚಿನಲ್ಲಿ ಮೀನು ಸಿಕ್ಕಾಗ ದೂರ ಹೆಚ್ಚು, ನೇರ ಅಡಿಗೆ ಬಂದಾಗ ಕಡಿಮೆ, ದಾಟಿದ ಮೇಲೆ ಮತ್ತೆ ಹೆಚ್ಚು. "ಹಿಂದಿನ ಯಂತ್ರದಲ್ಲಿ ಬಿಲ್ಲು ಬರುತ್ತಿತ್ತು, ಇದರಲ್ಲಿ ಬರುವುದಿಲ್ಲ" ಎಂಬ ದೂರಿಗೆ ಕಾರಣ ಬಹುಪಾಲು ಬೋಟಿನ ವೇಗ ಅಥವಾ ಕಿರಿದಾದ ಕೊಳವೆ. ಹಿಂಡಾಗಿ ಬರುವ ಬಂಗುಡೆ, ಬೂತಾಯಿಗೆ ಬಿಲ್ಲು ಬರುವುದೂ ಇಲ್ಲ. ಗಿಡದ ಪೊದೆಯಂಥದೊಂದು ಗುಪ್ಪೆ ಕಾಣುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು

ಈಗಿನ ಸೆಟ್ಟಿಂಗ್ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆ "ಮೊದಲಿನ ಹಾಗೆ ಮಾಡಿಕೊಡಿ" ಎಂದರೆ ಯಾರಿಗೂ ಆಗುವುದಿಲ್ಲ. ಟ್ರಾನ್ಸ್‌ಡ್ಯೂಸರಿನ ವಿಧ ಮತ್ತು ಶಕ್ತಿಯ ಸೆಟ್ಟಿಂಗ್ ಕೂಡ ರೀಸೆಟ್‌ನಲ್ಲಿ ಹೋಗಬಹುದು. ಅದು ತಪ್ಪಿದರೆ ಟ್ರಾನ್ಸ್‌ಡ್ಯೂಸರಿಗೇ ಪೆಟ್ಟು.

ಆಮೇಲೆ ಸಿಮ್ಯುಲೇಟರ್ ನೋಡಿ. ಕೆಲವು ಯಂತ್ರಗಳಲ್ಲಿ ಇದನ್ನು ಡೆಮೊ ಎನ್ನುತ್ತಾರೆ. ಪೇಂಟಿಂಗಿಗೆಂದು ದಡಕ್ಕೆಳೆದಿದ್ದ ಬೋಟೊಂದರಲ್ಲಿ ಸಾವ್ಕಾರ್ರು ನನ್ನನ್ನು ಕರೆದು ಹೆಮ್ಮೆಯಿಂದ ಪರದೆ ತೋರಿಸಿದರು: ಅರವತ್ತು ಮೀಟರ್ ನೀರು, ಒಳ್ಳೆಯ ಹಿಂಡು. ಬೋಟಿನಡಿಯಲ್ಲಿ ಇದ್ದದ್ದು ಹೊಯ್ಗೆ ಮತ್ತು ಒಂದು ನಾಯಿ. ನಗು ಬರುತ್ತದೆ, ಆದರೆ ಇದೇ ಮೋಡ್‌ನಲ್ಲಿ ಬೋಟು ಕಡಲಿಗೆ ಹೋದರೆ ಬಂಡೆಗೆ ತಾಗುವ ತನಕ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಡೆಮೊ ತೋರಿಸಿ ಹಾಗೆಯೇ ಪೆಟ್ಟಿಗೆಗೆ ತುಂಬಿದ ಹೊಸ ಯಂತ್ರಗಳಲ್ಲಿ ಇದನ್ನು ಹೆಚ್ಚು ಕಂಡಿದ್ದೇನೆ.

ಪರದೆ "ಹ್ಯಾಂಗ್" ಆಗಿದೆ ಎಂದರೆ ಚಿತ್ರ ಓಡುವ ವೇಗ ನೋಡಿ. ಅದನ್ನು ಸ್ಟಾಪ್‌ಗೆ ಇಟ್ಟಿದ್ದರೆ ಆಳದ ಅಂಕಿ ಬದಲಾಗುತ್ತಿರುತ್ತದೆ, ಚಿತ್ರ ಮಾತ್ರ ಕಲ್ಲಾಗಿ ಕೂತಿರುತ್ತದೆ. ಅಂಕಿ ಓಡುತ್ತಿದ್ದರೆ ಯಂತ್ರ ಜೀವಂತ.

ಇಷ್ಟಾದ ಮೇಲೆ ಗೇನ್, ರೇಂಜ್ (ಪರದೆ ಎಷ್ಟು ಆಳದವರೆಗೆ ತೋರಿಸಬೇಕೆಂಬ ಮಿತಿ) ಎರಡನ್ನೂ ಆಟೋಗೆ ಹಾಕಿ, ಉಳಿದ ಫಿಲ್ಟರುಗಳನ್ನೆಲ್ಲ ಆಫ್ ಮಾಡಿ. ಆಟೋ ಬುದ್ಧಿವಂತ ಎಂದಲ್ಲ. ಹಿಂದಿನ ತಾಂಡೇಲ ಏನೇನು ತಿರುಗಿಸಿದ್ದಾನೋ ಗೊತ್ತಿಲ್ಲದಿರುವಾಗ ಎಲ್ಲಿಂದಾದರೂ ಶುರು ಮಾಡಬೇಕಲ್ಲ.

ಆಳ ತಪ್ಪು ತೋರಿಸುತ್ತಿದೆ

ಎಷ್ಟು ತಪ್ಪು ಎಂದು ಮೊದಲು ಅಳೆಯಿರಿ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಬಿಟ್ಟು ನೋಡುವ ಅಜ್ಜಂದಿರ ಕ್ರಮಕ್ಕೆ ಬದಲಿ ಇಲ್ಲ. ದಕ್ಕೆಯಲ್ಲಿ ಮೂರು ಮೀಟರಿಗೆ ಪರೀಕ್ಷೆ ಮಾಡಬೇಡಿ, ಹತ್ತು ಮೀಟರಾದರೂ ಇರಲಿ, ನೀರಿನ ಸೆಳೆತ ಕಡಿಮೆ ಇರುವ ಹೊತ್ತಿರಲಿ. ಬಂದ ವ್ಯತ್ಯಾಸದ ಬಗೆ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಸುಮಾರು ಎರಡು ಪಾಲಿಗೂ ಸ್ವಲ್ಪ ಕಡಿಮೆ, ಅಥವಾ ಆರು ಪಾಲು, ಅಥವಾ ಮೂರೂ ಕಾಲು ಪಾಲು ವ್ಯತ್ಯಾಸವಿದ್ದರೆ ಅದು ಯೂನಿಟ್. ಒಂದು ಮಾರು ಅಂದರೆ ಆರಡಿ, 1.83 ಮೀಟರ್. ನಮ್ಮ ಹಿರಿಯರ ಲೆಕ್ಕ ಮಾರಿನಲ್ಲಿ, ಚಾರ್ಟ್ ಮೀಟರಿನಲ್ಲಿ, ಹೊರದೇಶಕ್ಕೆಂದು ತಯಾರಾದ ಯಂತ್ರ ಅಡಿಯಲ್ಲಿ. ಯಂತ್ರದಲ್ಲಿ ಮಾರಿಗೆ ಫ್ಯಾದಮ್ ಎಂದಿರುತ್ತದೆ. ಕೆಲವು ಕಂಪನಿಗಳ ಪಟ್ಟಿಯಲ್ಲಿ ಜಪಾನಿನ ಹಿರೊ ಎಂಬ ಅಳತೆಯೂ ಇರುತ್ತದೆ, ಅದನ್ನು ಮುಟ್ಟಬೇಡಿ.

ಎಲ್ಲ ಆಳದಲ್ಲೂ ಒಂದೇ ಅಳತೆಯ ವ್ಯತ್ಯಾಸ, ಹತ್ತು ಮೀಟರಿಗೂ ಒಂದೂವರೆ, ನಲವತ್ತು ಮೀಟರಿಗೂ ಒಂದೂವರೆ ಎಂದಾದರೆ ಅದು ಡ್ರಾಫ್ಟ್ ಸೆಟ್ಟಿಂಗ್. ಯಂತ್ರ ಅಳೆಯುವುದು ಟ್ರಾನ್ಸ್‌ಡ್ಯೂಸರಿನಿಂದ ಕೆಳಗೆ. ಅದು ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ನೀವೇ ಹೇಳಬೇಕು.

ನೂರಕ್ಕೆ ಎರಡು ಮೂರರಷ್ಟು ಕಡಿಮೆ ತೋರಿಸಿದರೆ ಬಿಟ್ಟುಬಿಡಿ. ನಮ್ಮ ಕಡಲಿನ 28 ಡಿಗ್ರಿಯ ಬೆಚ್ಚಗಿನ ಉಪ್ಪುನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. 1,500 ಎಂದು ಲೆಕ್ಕ ಹಾಕುವ ಯಂತ್ರ 30 ಮೀಟರನ್ನು 29 ಚಿಲ್ಲರೆ ಎನ್ನುತ್ತದೆ. ಕಡಿಮೆ ತೋರಿಸುವುದು ಬೋಟಿಗೆ ಕ್ಷೇಮವೇ.

ಸರಿಯಾಗಿ ಎರಡರಷ್ಟು ತೋರಿಸಿದರೆ ಎರಡನೇ ಪ್ರತಿಧ್ವನಿ. ನೆಲಕ್ಕೆ ಬಡಿದ ಸದ್ದು ಮೇಲೆ ಬಂದು, ನೀರಿನ ಮೇಲ್ಮೈಗೂ ಬೋಟಿನ ತಳಕ್ಕೂ ಬಡಿದು ಮತ್ತೆ ಕೆಳಗೆ ಹೋಗಿ ಬರುತ್ತದೆ. 20 ಮೀಟರ್ ನೆಲದ ಕೆಳಗೆ 40ರಲ್ಲಿ ಇನ್ನೊಂದು ಮಸುಕು ನೆಲ. ಇದು ದೋಷವಲ್ಲ, ಉಪಕಾರ. ಪಾರೆ, ಗಟ್ಟಿ ಹೊಯ್ಗೆಯಲ್ಲಿ ಎರಡನೇ ನೆಲ ಸ್ಪಷ್ಟ, ಕೆಸರಿನಲ್ಲಿ ಅದು ಮಾಯ. ಬಲೆ ಎಳೆಯುವವರು ಬೇಕೆಂದೇ ರೇಂಜನ್ನು ಎರಡರಷ್ಟು ಇಟ್ಟು ಇದನ್ನು ನೋಡುತ್ತಾರೆ. ಆದರೆ ದಕ್ಕೆಯ ಬಳಿ ಎರಡು ಮೂರು ಮೀಟರ್ ನೀರಿನಲ್ಲಿ ಮೊದಲ ಪ್ರತಿಧ್ವನಿ ಮೇಲ್ಮೈ ಗಲಾಟೆಯಲ್ಲಿ ಮುಳುಗಿಹೋಗಿ ಯಂತ್ರ ಎರಡನೆಯದನ್ನೇ ಹಿಡಿದುಕೊಳ್ಳುವುದುಂಟು. ಮೂರು ಮೀಟರ್ ಇರುವಲ್ಲಿ ಆರು ಎನ್ನುತ್ತದೆ, ನೀವು ಧೈರ್ಯವಾಗಿ ಬೋಟು ತಿರುಗಿಸುತ್ತೀರಿ. ಅಳಿವೆ ಬಾಗಿಲಲ್ಲಿ ಗೇನನ್ನು ಕೈಯಾರೆ ಇಳಿಸಿ, ಸದ್ದಿನ ಆವೃತ್ತಿ 200 ಕಿಲೋಹರ್ಟ್ಸ್‌ನಲ್ಲಿಟ್ಟು (ಅದರ ವಿಷಯ ಮುಂದಿದೆ), ರೇಂಜ್ 10 ಮೀಟರಿಗೆ ಕಟ್ಟಿಟ್ಟು ಬನ್ನಿ.

ಇದಕ್ಕೆ ಉಲ್ಟಾ ತೊಂದರೆ ಆಳ ಸಮುದ್ರದ್ದು. ನೂರು ಮೀಟರ್ ನೀರಿನಲ್ಲಿ ಇಪ್ಪತ್ತೈದರಲ್ಲಿ ನೆಲ ಕಾಣುತ್ತದೆ! ರೇಂಜನ್ನು 50ಕ್ಕೆ ಇಟ್ಟಿದ್ದೀರಿ, ಯಂತ್ರ ಸೆಕೆಂಡಿಗೆ ಹತ್ತು ಸಲ ಸದ್ದು ಬಿಡುತ್ತಿದೆ ಎಂದುಕೊಳ್ಳಿ. ನೂರು ಮೀಟರಿಗೆ ಹೋದ ಸದ್ದು ಮರಳಲು 0.133 ಸೆಕೆಂಡ್ ಬೇಕು. ಅಷ್ಟರಲ್ಲಿ 0.1 ಸೆಕೆಂಡಿಗೆ ಮುಂದಿನ ಸದ್ದು ಹೊರಟಾಗಿದೆ. ಹಳೆಯ ಸದ್ದಿನ ಉತ್ತರವನ್ನು ಹೊಸದರ ಲೆಕ್ಕಕ್ಕೆ ಹಾಕಿದರೆ ಬಾಕಿ 0.033 ಸೆಕೆಂಡ್, ಅಂದರೆ 25 ಮೀಟರ್. ಪರೀಕ್ಷೆ ಸುಲಭ: ರೇಂಜ್ ಹೆಚ್ಚಿಸಿ ಅಥವಾ ಸದ್ದು ಬಿಡುವ ವೇಗ ಇಳಿಸಿ. ಸುಳ್ಳು ನೆಲ ಜಾಗ ಬಿಟ್ಟು ಓಡುತ್ತದೆ, ನಿಜವಾದ ನೆಲ ಕದಲುವುದಿಲ್ಲ.

ಇನ್ನು ಬೂತಾಯಿ ನೆಲ. ಅದಕ್ಕೆ ವೈಟ್ ಲೈನ್ ಮೋಡ್ ಇದೆ. ಬೇರೆ ಬೇರೆ ಕಂಪನಿಗಳಲ್ಲಿ ಹೆಸರು ಬೇರೆ. ಅತಿ ಜೋರಾದ ಪ್ರತಿಧ್ವನಿಯನ್ನು ಮಾತ್ರ ಬಿಳಿ ಅಥವಾ ಬೂದು ಬಣ್ಣ ಮಾಡುತ್ತದೆ. ಕೆಂಪಿನೊಳಗಿನ ಅತಿ ಕೆಂಪನ್ನು ಬೇರ್ಪಡಿಸಿದ ಹಾಗೆ. ನೆಲ ಬಿಳಿಯಾಗುತ್ತದೆ, ಅದಕ್ಕೆ ಅಂಟಿಕೊಂಡ ಮೀನು ಕೆಂಪಾಗಿಯೇ ಉಳಿಯುತ್ತದೆ. ಗೇನ್ ತುಂಬ ಏರಿಸಿದ್ದರೆ ಎಲ್ಲವೂ ಅತಿ ಜೋರೇ ಆಗಿ ಹಿಂಡೂ ಬಿಳಿಯಾಗುತ್ತದೆ. ಆದ್ದರಿಂದ ಗೇನ್ ಇಳಿಸದೆ ವೈಟ್ ಲೈನ್ ನಂಬಬೇಡಿ.

ಮೀನೇ ಕಾಣುತ್ತಿಲ್ಲ, ಇಲ್ಲವೇ ಎಲ್ಲೆಲ್ಲೂ ಮೀನು

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಮೀನಿನ ಚಿಹ್ನೆ ಬಿಡಿಸುವ ಮೋಡ್ ಆನ್ ಇದ್ದರೆ ಆಫ್ ಮಾಡಿ. ನೀರುಗುಳ್ಳೆ, ಪ್ಲಾಸ್ಟಿಕ್ ಚೀಲ, ಪಕ್ಕದ ಬೋಟಿನ ಸದ್ದು ಎಲ್ಲಕ್ಕೂ ಅದು ಮುದ್ದಾದ ಒಂದು ಮೀನು ಬಿಡಿಸಿ ಪಕ್ಕದಲ್ಲಿ ಆಳವನ್ನೂ ಬರೆಯುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನ, ಡೀಸೆಲ್ ಸುಟ್ಟು ದುಡಿಯುವವರಿಗೆ ಬೇಡ.

ಮೀನು ಕಾಣದಿದ್ದರೆ ನಾನು ನೋಡುವುದು ಮೊದಲು ಬಣ್ಣದ ಕತ್ತರಿಯನ್ನು. ದುರ್ಬಲ ಬಣ್ಣ ಅಳಿಸುವ ಸೆಟ್ಟಿಂಗ್ ಹೆಚ್ಚಿನ ಯಂತ್ರಗಳಲ್ಲಿ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಳೆಗಳು ತಂದ ಕೆಂಪುನೀರು, ಕೆಸರು, ಕಸದಿಂದ ಪರದೆ ಪೂರ್ತಿ ನೀಲಿ ಹಸಿರು ಹೊಗೆ. ರೇಜಿಗೆಯಾಗಿ ಯಾರೋ ಕತ್ತರಿ ಏರಿಸುತ್ತಾರೆ, ಪರದೆ ಶುಭ್ರ. ಅಕ್ಟೋಬರಿನಲ್ಲಿ ನೀರು ತಿಳಿಯಾದ ಮೇಲೂ ಅದು ಹಾಗೇ ಇರುತ್ತದೆ. ಆಗ ಬೊಂಡಾಸ್ (ಸ್ಕ್ವಿಡ್) ಎಲ್ಲಿ ಕಾಣಬೇಕು? ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಸದ್ದನ್ನು ಜೋರಾಗಿ ಹಿಂದಕ್ಕೆ ಎಸೆಯುವುದು. ಬೊಂಡಾಸಿಗೆ ಗಾಳಿಚೀಲವಿಲ್ಲ, ರೇ ಜಾತಿಯ ತೊರಕೆಗಿಲ್ಲ, ಬೆಳೆದ ಚಪ್ಪಟೆ ಮೀನು ನಂಗಿಗೂ ಇಲ್ಲ. ಅವುಗಳ ಗುರುತು ನೀಲಿಯಲ್ಲೋ ತೆಳು ಹಸಿರಿನಲ್ಲೋ ಮಾತ್ರ. ಕತ್ತರಿ ಮೊದಲು ನುಂಗುವುದು ಅವನ್ನೇ.

ಹತ್ತು ಹದಿನೈದು ಮೀಟರಿನೊಳಗಿನ ಮೀನು ಮಾತ್ರ ಕಾಣುತ್ತಿಲ್ಲ, ಕೆಳಗಿನದು ಸರಿಯಿದೆ ಎಂದರೆ ಎಸ್‌ಟಿಸಿ ಅಥವಾ ಟಿವಿಜಿ ನೋಡಿ. ಮೇಲ್ಮೈ ಗಲಾಟೆ ತಗ್ಗಿಸಲು ಮೇಲಿನ ಪದರದ ಗೇನ್ ಅನ್ನು ಅದು ಇಳಿಸುತ್ತದೆ. ಹೆಚ್ಚಾದರೆ ಮೇಲೆ ತೇಲುವ ಬಂಗುಡೆಯೂ ಗಲಾಟೆಯ ಲೆಕ್ಕಕ್ಕೆ ಹೋಗುತ್ತದೆ.

ಇನ್ನು ಆವೃತ್ತಿ, ಅಂದರೆ 50 ಮತ್ತು 200 ಕಿಲೋಹರ್ಟ್ಸ್. ಇವೆರಡೂ ಒಂದೇ ಕಡಲಿನ ಎರಡು ಬೇರೆ ಕಥೆ ಹೇಳುತ್ತವೆ. ಸಾಮಾನ್ಯ ಟ್ರಾನ್ಸ್‌ಡ್ಯೂಸರಿನಲ್ಲಿ 200ರ ಕೊಳವೆ 12 ಡಿಗ್ರಿಯ ಆಸುಪಾಸು, 50ರದ್ದು 45 ಡಿಗ್ರಿಯವರೆಗೆ. 30 ಮೀಟರ್ ಆಳದಲ್ಲಿ ಮೊದಲನೆಯದು ನೆಲದ ಮೇಲೆ ಆರು ಮೀಟರ್ ಅಗಲದ ವೃತ್ತವನ್ನು ನೋಡಿದರೆ ಎರಡನೆಯದು ಇಪ್ಪತ್ತೈದು ಮೀಟರಿನದನ್ನು ನೋಡುತ್ತದೆ. 50ರಲ್ಲಿ ಹಿಂಡು ಕಂಡು 200ರಲ್ಲಿ ಕಾಣದಿದ್ದರೆ ಯಂತ್ರ ಕೆಟ್ಟಿಲ್ಲ, ಹಿಂಡು ಬೋಟಿನ ಪಕ್ಕಕ್ಕಿದೆ. 200ರಲ್ಲಿ ದಟ್ಟ ಪದರ ಕಂಡು 50ರಲ್ಲಿ ಮಸುಕಾದರೆ ಅದು ಸಣ್ಣ ಜೀವಿಗಳ ಮೋಡ, ಸಿಗಡಿ ಮರಿ ಅಥವಾ ಪ್ಲವಕ. ಕತ್ತಲಾಗುತ್ತಿದ್ದಂತೆ ಇಂಥ ಪದರ ತಳದಿಂದ ಮೇಲೇಳುತ್ತದೆ, ಬೆಳಗಾದರೆ ಇಳಿಯುತ್ತದೆ. ರಾತ್ರಿ ಪಾಳಿಯ ಹೊಸ ಹುಡುಗರು ಇದನ್ನು "ನೆಲ ಮೇಲೆ ಬರ್ತಿದೆ" ಎಂದು ಎಬ್ಬಿಸುತ್ತಾರೆ. ಎರಡೂ ಆವೃತ್ತಿಯನ್ನು ಅಕ್ಕಪಕ್ಕ ಇಟ್ಟು ನೋಡುವ ಮೋಡ್ ಇರುವುದೇ ಈ ಹೋಲಿಕೆಗೆ. ಪರದೆ ಚಿಕ್ಕದಾಗುತ್ತದೆ ಎಂದು ಗೊಣಗಿದರೂ ನಾನು ಅದನ್ನೇ ಹಾಕಿಕೊಟ್ಟು ಬರುತ್ತೇನೆ.

ಕಲ್ಲಿರುವ ಜಾಗಕ್ಕೆ ಇನ್ನೊಂದು ಎಚ್ಚರಿಕೆ. ನೇತ್ರಾಣಿ ದ್ವೀಪದ ಸುತ್ತಲಿನಂಥ ಏರಿಳಿತದ ತಳದಲ್ಲಿ ಅಗಲ ಕೊಳವೆ ತನಗೆ ಮೊದಲು ತಾಗಿದ ಕಲ್ಲಿನ ನೆತ್ತಿಯನ್ನೇ ನೆಲ ಎನ್ನುತ್ತದೆ. ನೆತ್ತಿಯ ಪಕ್ಕದ ತಗ್ಗಿನಲ್ಲಿರುವ ಮೀನು ಆ ನೆಲದೊಳಗೆ ಹೂತುಹೋಗುತ್ತದೆ. ಅಲ್ಲಿ ಗೇನ್ ಎಷ್ಟು ತಿರುಗಿಸಿದರೂ ಫಲವಿಲ್ಲ, 200ಕ್ಕೆ ಬದಲಿಸಬೇಕು.

ಬಾಟಮ್ ಲಾಕ್ ಮತ್ತು ಝೂಮ್

ಟ್ರಾಲ್ ಬೋಟಿನವರಿಗೆ ಇದು ಅನ್ನದ ಮೋಡ್, ಜಗಳದ ಮೋಡ್ ಕೂಡ. ಬಾಟಮ್ ಲಾಕ್‌ನಲ್ಲಿ ಯಂತ್ರ ನೆಲವನ್ನು ಒಂದು ಸಪಾಟು ಗೆರೆಯಾಗಿ ಕೆಳಗೆ ಕೂರಿಸಿ, ನೆಲದಿಂದ ಮೇಲಿನ ಐದೋ ಹತ್ತೋ ಮೀಟರನ್ನು ಮಾತ್ರ ದೊಡ್ಡದಾಗಿ ತೋರಿಸುತ್ತದೆ. ಮದ್ಮಲ್‌ನಂಥ ತಳದ ಮೀನು ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಇದರ ದೂರುಗಳು ಮೂರು ಬಗೆಯವು.

"ನೆಲ ಎಲ್ಲ ಕಡೆ ಸಪಾಟು, ಯಂತ್ರ ನಿಂತುಹೋಗಿದೆ." ಸಪಾಟು ಮಾಡುವುದೇ ಅದರ ಕೆಲಸ. ಬಲೆ ಹರಿಯುವಂಥ ಕಲ್ಲು ಇದರಲ್ಲಿ ಕಾಣುವುದಿಲ್ಲ, ಆದ್ದರಿಂದ ಅರ್ಧ ಪರದೆಯಲ್ಲಿ ಮಾಮೂಲು ಚಿತ್ರ ಇರಲೇಬೇಕು. ನೆಲದ ಏರಿಳಿತ ಉಳಿಸಿಕೊಂಡೇ ದೊಡ್ಡದು ಮಾಡುವುದು ಬಾಟಮ್ ಝೂಮ್. ಇವೆರಡನ್ನು ಅದಲುಬದಲು ಮಾಡಿಕೊಂಡು ಬಲೆ ಕಳೆದುಕೊಂಡವರಿದ್ದಾರೆ.

"ಗೆರೆ ತುಂಡುತುಂಡು, ಚಿತ್ರ ಮೇಲೆ ಕೆಳಗೆ ಹಾರುತ್ತದೆ." ಯಂತ್ರಕ್ಕೆ ನೆಲ ಸಿಗುತ್ತಿಲ್ಲ. ಲಾಕ್ ನಿಂತಿರುವುದು ನೆಲ ಗುರುತಿಸುವುದರ ಮೇಲೆ. ಅದು ತಪ್ಪಿದರೆ ಇಡೀ ಚಿತ್ರ ತಪ್ಪು. ಮಾಮೂಲು ಮೋಡ್‌ಗೆ ಮರಳಿ ನೆಲದ ಗೆರೆ ಕೆಂಪಾಗಿ, ಅಖಂಡವಾಗಿ ಬರುವ ತನಕ ಗೇನ್ ಸರಿಮಾಡಿ, ಆಮೇಲೆ ಲಾಕ್‌ಗೆ ಹೋಗಿ. ತೆರೆ ದೊಡ್ಡದಿದ್ದು ಬೋಟು ಹೊರಳುತ್ತಿದ್ದರೆ ಕಿರಿದಾದ 200ರ ಕೊಳವೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೋಡುತ್ತದೆ. ಆಗ 50ರಲ್ಲಿ ಲಾಕ್ ಹೆಚ್ಚು ಗಟ್ಟಿ.

"ಝೂಮ್ ಮಾಡಿದರೂ ಮೀನು ನೆಲಕ್ಕೆ ಅಂಟಿಕೊಂಡೇ ಇದೆ." ಇದು ಸ್ವಲ್ಪ ಲೆಕ್ಕದ ವಿಷಯ. 480 ಚುಕ್ಕಿ ಎತ್ತರದ ಪರದೆಯಲ್ಲಿ ನೂರು ಮೀಟರ್ ರೇಂಜ್ ಇಟ್ಟರೆ ಒಂದು ಚುಕ್ಕಿಗೆ 20 ಸೆಂಟಿಮೀಟರಿನ ಮೇಲೆ. ಹತ್ತು ಮೀಟರನ್ನು ಅರ್ಧ ಪರದೆಗೆ ಹಿಗ್ಗಿಸಿದರೆ ಒಂದು ಚುಕ್ಕಿಗೆ 4 ಸೆಂಟಿಮೀಟರ್. ಇದು ಪರದೆಯ ಶಕ್ತಿ, ಸದ್ದಿನದ್ದಲ್ಲ. ಸದ್ದು ಅರ್ಧ ಮಿಲಿಸೆಕೆಂಡ್ ಉದ್ದವಿದ್ದರೆ 37 ಸೆಂಟಿಮೀಟರಿಗಿಂತ ಹತ್ತಿರವಿರುವ ಎರಡು ವಸ್ತು ಒಂದಾಗಿಯೇ ಬರುತ್ತವೆ, ಎಷ್ಟು ಹಿಗ್ಗಿಸಿದರೂ. ಸದ್ದನ್ನು 0.1 ಮಿಲಿಸೆಕೆಂಡಿಗೆ ಇಳಿಸಿದರೆ ಏಳೂವರೆ ಸೆಂಟಿಮೀಟರಿಗೆ ಬರುತ್ತೀರಿ, ಆದರೆ ಆಳಕ್ಕೆ ಹೋಗುವ ಶಕ್ತಿ ಕುಗ್ಗುತ್ತದೆ. ಬಹಳ ಯಂತ್ರಗಳು ರೇಂಜ್ ನೋಡಿ ಸದ್ದಿನ ಉದ್ದವನ್ನು ತಾವೇ ಆರಿಸುತ್ತವೆ. ಮೂವತ್ತು ಮೀಟರ್ ನೀರಿನಲ್ಲಿ ಇನ್ನೂರರ ರೇಂಜ್ ಇಟ್ಟು ಝೂಮ್ ಮಾಡಿದರೆ ಉದ್ದ ಸದ್ದನ್ನೇ ಹಿಗ್ಗಿಸಿ ನೋಡಿದ ಹಾಗೆ. ರೇಂಜ್ ಇಳಿಸಿ, ಮೀನು ನೆಲದಿಂದ ಬಿಡಿಸಿಕೊಳ್ಳುತ್ತದೆ. ಚರ್ಪ್ ಯಂತ್ರಗಳು ಒಂದೇ ಸ್ವರದ ಬದಲು ಇಳಿಸ್ವರದಿಂದ ಏರುಸ್ವರಕ್ಕೆ ಜಾರುವ ಉದ್ದ ಸದ್ದು ಬಿಟ್ಟು ಈ ಇಕ್ಕಟ್ಟಿನಿಂದ ಪಾರಾಗುತ್ತವೆ. ಆದರೆ ಅದಕ್ಕೆ ತಕ್ಕ ಟ್ರಾನ್ಸ್‌ಡ್ಯೂಸರ್ ಇಲ್ಲದೆ ಚರ್ಪ್ ಯಂತ್ರ ಕೊಂಡವರಿಗೆ ಹೆಸರು ಮಾತ್ರ ಲಾಭ.

ಗೆರೆ, ಚುಕ್ಕಿ, ಮಳೆ

ಪರದೆಯಲ್ಲಿ ಮಳೆ ಹನಿದಂತೆ ಚುಕ್ಕಿ, ಓರೆಯಾಗಿ ಸಾಲುಸಾಲು ಗೀಟು. ಇದಕ್ಕೆ ಎ-ಸ್ಕೋಪ್ ಆನ್ ಮಾಡಿ. ಬಲಪಕ್ಕದಲ್ಲಿ ಕಿರಿದಾದ ಅಂಕಣವೊಂದು ತೆರೆದು ಈ ಕ್ಷಣದ ಒಂದೇ ಒಂದು ಸದ್ದಿನ ಉತ್ತರವನ್ನು ಅಡ್ಡಗೆರೆಗಳಾಗಿ ತೋರಿಸುತ್ತದೆ. ಮೀನಿನ ಗೆರೆ ಒಂದೇ ಆಳದಲ್ಲಿ ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತದೆ. ಹೊರಗಿನ ಸದ್ದು ಪ್ರತಿ ಸಲ ಬೇರೆ ಆಳದಲ್ಲಿ ಮಿಂಚಿ ಹೋಗುತ್ತದೆ. ಎರಡು ನಿಮಿಷ ನೋಡಿದರೆ ಕಣ್ಣಿಗೆ ರೂಢಿಯಾಗುತ್ತದೆ.

ದಕ್ಕೆಯ ಬಳಿ, ಅಥವಾ ಒಂದೇ ಜಾಗದಲ್ಲಿ ಬೋಟುಗಳು ಮುತ್ತಿಕೊಂಡಾಗ ಮಾತ್ರ ಬಂದರೆ ಅದು ಪಕ್ಕದವರ ಫೈಂಡರ್. ಹೊರಗಿನ ಸದ್ದನ್ನು ಸೋಸುವ ಇಂಟರ್‌ಫಿಯರೆನ್ಸ್ ರಿಜೆಕ್ಷನ್ ಒಂದು ಮೆಟ್ಟಿಲು ಏರಿಸಿ. ಒಂಟಿಯಾದ ಮೇಲೆ ಇಳಿಸಲು ಮರೆಯಬೇಡಿ, ಸಣ್ಣ ಮೀನಿನ ಗುರುತನ್ನೂ ಅದು ತಿನ್ನುತ್ತದೆ.

ಒಂಟಿ ಬೋಟಿನಲ್ಲೂ ಬಂದರೆ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಮೇಲೆ ಓಡಿಸಿ. ಮಳೆ ನಿಂತಿತೇ? ಹಾಗಾದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಪ್ರೊಪೆಲ್ಲರ್. ಗೇರ್ ಹಾಕದೆ ಎಂಜಿನ್ ಮಾತ್ರ ಏರಿಸಿದಾಗಲೂ ಬಂದರೆ ಆಲ್ಟರ್ನೇಟರ್ ಎಂದು ತಿಳಿಯಿರಿ. ಎಂಜಿನ್ ನಿಂತರೂ ಮಳೆ ನಿಲ್ಲದಿದ್ದರೆ ಇನ್ವರ್ಟರ್, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ವೈರ್‌ಲೆಸ್ ಒಂದೊಂದಾಗಿ ಆರಿಸಿ ನೋಡಿ. ಅಗ್ಗದ ಎಲ್‌ಇಡಿ ದೀಪಗಳು ಬಂದ ಮೇಲೆ ನನಗೆ ಈ ಕೆಲಸವೇ ಹೆಚ್ಚಾಗಿದೆ. ಕೊನೆಗೆ ಯಂತ್ರ ಆಫ್ ಮಾಡಿ, ಟ್ರಾನ್ಸ್‌ಡ್ಯೂಸರ್ ಪ್ಲಗ್ ತೆಗೆದು, ಮತ್ತೆ ಆನ್ ಮಾಡಿ. ಪ್ಲಗ್ ಇಲ್ಲದೆಯೂ ಮಳೆ ಸುರಿದರೆ ಅದು ಕರೆಂಟಿನ ವೈರಿನಿಂದ ಬರುತ್ತಿದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ಬೇರೆ ವೈರ್ ಎಳೆಯಿರಿ. ಪ್ಲಗ್ ತೆಗೆದ ಕೂಡಲೇ ನಿಂತರೆ ಟ್ರಾನ್ಸ್‌ಡ್ಯೂಸರ್ ಕೇಬಲ್ ಯಾವುದೋ ವೈರಿನ ಕಟ್ಟಿನ ಜೊತೆ ಒಂದೇ ಪೈಪಿನಲ್ಲಿ ಓಡುತ್ತಿದೆ.

ಸೈಡ್ ಸ್ಕ್ಯಾನ್, ಡೌನ್ ಸ್ಕ್ಯಾನ್

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಮ್ಮ ಟ್ರಾಲ್ ಬೋಟುಗಳಿಗೆ ಇದರ ಉಪಯೋಗ ಕಡಿಮೆ. ಪಕ್ಕಗಳಿಗೋ ಕೆಳಕ್ಕೋ ಬಿಡುವ 455 ಅಥವಾ 800 ಕಿಲೋಹರ್ಟ್ಸ್‌ನ ತೆಳುವಾದ ಸದ್ದಿನ ಹಾಳೆಯಿಂದ ಫೋಟೊದಂಥ ಚಿತ್ರ ಬರುತ್ತದೆ. ಅಮೆರಿಕದ ಸರೋವರಗಳ ವಿಡಿಯೊ ನೋಡಿ ಕೊಂಡವರು "ಅಲ್ಲಿ ಅಷ್ಟು ಆಳ, ಇಲ್ಲಿ ಅರ್ಧಕ್ಕೇ ಕಪ್ಪು" ಎನ್ನುತ್ತಾರೆ. ಕಡಲ ನೀರಿನಲ್ಲಿ ಕರಗಿರುವ ಮೆಗ್ನೀಸಿಯಮ್ ಸಲ್ಫೇಟ್ ಈ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತದೆ, ಸಿಹಿನೀರಿನಲ್ಲಿ ಆ ಕಾಟವಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿರುವ ಮರದ ಬೊಡ್ಡೆ ನೋಡಲು ಇದು ಚೆನ್ನ. ಮೀನು ಬಿಲ್ಲಾಗಿ ಬರುವುದಿಲ್ಲ, ಅಕ್ಕಿಕಾಳಿನಂಥ ಚುಕ್ಕಿ. ಸೈಡ್ ಸ್ಕ್ಯಾನಿನ ನಡುವಿನ ಕಪ್ಪು ಪಟ್ಟಿ ದೋಷವಲ್ಲ, ಅದು ಬೋಟಿಗೂ ನೆಲಕ್ಕೂ ನಡುವಿನ ನೀರು. ಬೋಟು ತಿರುಗುವಾಗ ಚಿತ್ರ ಸೊಟ್ಟಗಾಗುವುದೂ ಸಹಜ, ನೇರ ಓಡಿಸಿ.

ನಿಜವಾಗಿಯೂ ಕೆಟ್ಟಿದ್ದರೆ

ನಿಂತಾಗ ಚಿತ್ರ ಸರಿ, ವೇಗ ಏರಿದರೆ ನೆಲ ಮಾಯ. ಇದು ಗಾಳಿಗುಳ್ಳೆ. ಮೂತಿಯಿಂದ ಹರಿದು ಬರುವ ನೊರೆ ಟ್ರಾನ್ಸ್‌ಡ್ಯೂಸರಿನ ಮುಖ ಸವರಿಕೊಂಡು ಹೋಗುತ್ತಿದೆ. ದೊಡ್ಡ ಬೋಟಿನಲ್ಲಿ ಅದರ ಜಾಗ ಮೂತಿಯಿಂದ ಮೂರನೇ ಒಂದರಿಂದ ಅರ್ಧದೊಳಗೆ, ತಳದ ಮರಕ್ಕಿಂತ ಸ್ವಲ್ಪ ಕೆಳಗೆ ಚಾಚಿಕೊಂಡಿರಬೇಕು. ಫೈಬರ್ ದೋಣಿಯಲ್ಲಿ ಒಳಗಿನಿಂದಲೇ ಅಂಟಿಸಿದ್ದರೆ ಆ ಜಾಗದ ಫೈಬರ್ ಗಟ್ಟಿಯಾಗಿರಬೇಕು. ನಡುವೆ ಮರವೋ ಫೋಮೋ ಇದ್ದರೆ, ಅಂಟಿನಲ್ಲಿ ಗುಳ್ಳೆ ಇದ್ದರೆ, ಸದ್ದು ದಾಟುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವಾಗ ಯಂತ್ರ ಆರಿ ಹತ್ತಿದರೆ ವೋಲ್ಟೇಜ್ ಕುಸಿತ. ಬ್ಯಾಟರಿಯ ಮೇಲೆ ಅಳೆಯಬೇಡಿ, ಯಂತ್ರದ ಪ್ಲಗ್ಗಿನಲ್ಲಿ, ಅದು ಓಡುತ್ತಿರುವಾಗಲೇ ಅಳೆಯಿರಿ. ಉಪ್ಪುಗಾಳಿಗೆ ಹಸಿರುಗಟ್ಟಿದ ಒಂದು ಜಾಯಿಂಟ್ ಒಂದೂವರೆ ವೋಲ್ಟ್ ನುಂಗುತ್ತದೆ.

ನೀರಿನ ಉಷ್ಣತೆ ಸರಿ ಬರುತ್ತಿದೆ, ಆಳ ಮಾತ್ರ ಇಲ್ಲ ಎಂದಾದರೆ ಕೇಬಲ್ ಪೂರ್ತಿ ತುಂಡಾಗಿಲ್ಲ. ಟ್ರಾನ್ಸ್‌ಡ್ಯೂಸರಿನ ಮುಖ ಅಥವಾ ಒಳಗಿನ ಹರಳಿನ ಮೇಲೆ ಅನುಮಾನ ಪಡಿ. ಉಷ್ಣತೆಯೂ 60, 70 ಎಂದು ಹುಚ್ಚು ಅಂಕಿ ಬಂದರೆ ಕೇಬಲ್ ಅಥವಾ ಪ್ಲಗ್ಗಿಗೆ ನೀರು ಹೋಗಿದೆ. ಟ್ರಾನ್ಸ್‌ಡ್ಯೂಸರ್ ಬಡಿದುಕೊಳ್ಳುತ್ತಿದೆಯೇ ಎಂದು ಕಿವಿಯಿಂದಲೇ ತಿಳಿಯಬಹುದು. 50ರಲ್ಲಿ, ಎಂಜಿನ್ ನಿಲ್ಲಿಸಿ, ಬೋಟಿನೊಳಗೆ ಅದರ ತಲೆಯ ಮೇಲೆ ಸ್ಕ್ರೂಡ್ರೈವರ್ ಊರಿ ಹಿಡಿಕೆಗೆ ಕಿವಿ ಕೊಟ್ಟರೆ ಟಿಕ್ ಟಿಕ್ ಕೇಳುತ್ತದೆ. ಟಿಕ್ ಇದೆ, ನೆಲ ಇಲ್ಲ ಎಂದರೆ ಮುಳುಗುವ ಹುಡುಗರಿಂದ ಮುಖ ನೋಡಿಸಿ.

ಅಲ್ಲಿ ಸಿಗುವುದು ಸಾಮಾನ್ಯವಾಗಿ ಬಾರ್ನಕಲ್ ಚಿಪ್ಪು, ಇಲ್ಲವೇ ಪೇಂಟು. ಚಿಪ್ಪನ್ನು ಉಳಿಯಿಂದ ಕೆತ್ತಬೇಡಿ. ಮರದ ಚೂರಿನಿಂದ ಎಬ್ಬಿಸಿ, ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಜುಲೈಯಲ್ಲಿ ಬೋಟಿಗೆ ಬಣ್ಣ ಬಳಿಯುವವರು ತಳದಲ್ಲಿ ಕಂಡ ಈ ಗುಂಡು ಉಬ್ಬಿಗೂ ಮೂರು ಕೋಟು ಬಳಿದುಬಿಡುತ್ತಾರೆ, ಅವರ ತಪ್ಪೂ ಅಲ್ಲ. ದಪ್ಪ ಪೇಂಟು ಸದ್ದನ್ನು ತಿನ್ನುತ್ತದೆ, ಅದರ ತಿನ್ನರ್ ಪ್ಲಾಸ್ಟಿಕ್ ಮುಖವನ್ನೇ ಬಿರುಕು ಬಿಡಿಸಬಹುದು. ಬಳಿಯಲೇಬೇಕಿದ್ದರೆ ತಿನ್ನರ್ ಬದಲು ನೀರಿನಲ್ಲಿ ಕಲಸಿ ತಯಾರಾದ, ಟ್ರಾನ್ಸ್‌ಡ್ಯೂಸರಿಗೆಂದೇ ಮಾರುವ ಬಣ್ಣ, ಒಂದೇ ತೆಳು ಕೋಟು. ನಾನು ಈಗ ಮೇ ಕೊನೆಯಲ್ಲೇ ದಕ್ಕೆಗೆ ಹೋಗಿ, ಬೋಟು ಮೇಲೆಳೆದ ಕೂಡಲೇ ಅದರ ಮುಖಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಬರುತ್ತೇನೆ. ಹೋದ ವರ್ಷ ಟೇಪ್ ತೆಗೆಯದೆಯೇ ಕಡಲಿಗಿಳಿದ ಬೋಟಿನಿಂದ ಆಗಸ್ಟ್ 1ಕ್ಕೆ ಮೊದಲ ಕರೆ ಬಂತು.